ಹತ್ತು ಮೀಟರ್ ಮೇಸ್ತ್ರಿ

ನಮ್ಮಪ್ಪ ಹಿಡಿದ ಮೊಲಕ್ಕೆ ಮೂರೇ ಕಾಲು. ಎಂಬತ್ತೊಂದು ವರ್ಷವಾಯಿತು, ಮಂಡಿ ಎರಡೂ ಸವೆದಿವೆ, ಮೆಟ್ಟಿಲು ಇಳಿಯಬೇಕಾದರೆ ಗೋಡೆ ಹಿಡಿಯಬೇಕು, ಆದರೂ ಆ ಮೊಲಕ್ಕೆ ನಾಲ್ಕನೇ ಕಾಲು ಹುಟ್ಟಿಲ್ಲ. ಈ ವರ್ಷ ಅಣೆಕಟ್ಟಿನ ಬಾಗಿಲು ರಿಪೇರಿಗೆಂದು ಕೆರೆಯ ನೀರನ್ನು ಹೊರಗೆ ಬಿಟ್ಟರು. ನೀರು ಇಳಿದು ಇಳಿದು, ನಲವತ್ತು ಚಿಲ್ಲರೆ ವರ್ಷ ಮುಳುಗಿದ್ದ ಹಳೇ ರಸ್ತೆ ಮೇಲೆ ಬಂತು. ಕ್ಷೌರದಂಗಡಿಯಲ್ಲಿ ಆ ಸುದ್ದಿ ಕೇಳಿದ ಅಪ್ಪ ಅರ್ಧ ಗಡ್ಡದಲ್ಲೇ ಮನೆಗೆ ಬಂದು, ಮಂಚದ ಕೆಳಗಿನ ಗೋಣಿಚೀಲವನ್ನು ಹೊರಗೆಳೆದ. ಒಳಗಿನ ಕಬ್ಬಿಣ ಝಲ್ಲೆಂದಿತು. ಹೊಲಿಗೆ ಮಷಿನ್ನಿನ ಮೇಲಿದ್ದ ನನ್ನ ಕಾಲು ನಿಂತುಹೋಯಿತು.

ಚೀಲದಲ್ಲಿದ್ದದ್ದು ಅಳತೆಯ ಸರಪಳಿ. ಅಪ್ಪ ರಸ್ತೆ ಇಲಾಖೆಯಲ್ಲಿ ಕಿಲೋಮೀಟರ್ ಕಲ್ಲು ನೆಡುವ ಮೇಸ್ತ್ರಿಯಾಗಿದ್ದ. ಈಗಿನವರಿಗೆ ಏನೇನೋ ಯಂತ್ರಗಳಿವೆ, ಆಗ ಇದ್ದದ್ದು ಸರಪಳಿ ಒಂದೇ. ಇಪ್ಪತ್ತು ಮೀಟರ್ ಉದ್ದ, ತುದಿಗಳಲ್ಲಿ ಕಣ್ಣು ಬಾಗಿಸಿದ ಗೇಣುದ್ದದ ಕಂಬಿಯ ನೂರು ಕೊಂಡಿ, ಎರಡು ತುದಿಗೂ ಹಿತ್ತಾಳೆಯ ಹಿಡಿ, ನಡುವೆ ಐದೈದು ಮೀಟರಿಗೆ ಒಂದೊಂದು ಹಿತ್ತಾಳೆ ಬಿಲ್ಲೆ. ಮುಂದಿನವನು ಸರಪಳಿ ಎಳೆದುಕೊಂಡು ಹೋಗಿ, ಬಿಗಿ ಮಾಡಿ, ನೆಲಕ್ಕೊಂದು ಕಬ್ಬಿಣದ ಗೂಟ ಚುಚ್ಚಬೇಕು. ಹಿಂದಿನವನು ಆ ಗೂಟದವರೆಗೆ ಬಂದು ಅದನ್ನು ಕಿತ್ತುಕೊಳ್ಳಬೇಕು. ಹೀಗೆ ಐವತ್ತು ಸಲ ಎಳೆದರೆ ಒಂದು ಕಿಲೋಮೀಟರ್, ಅಲ್ಲಿ ಒಂದು ಕಲ್ಲು. ಅಪ್ಪ ದಿನಾ ಸಂಜೆ ಸರಪಳಿಯನ್ನು ಮನೆಗೆ ತಂದು ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದ. ನನ್ನ ಬೆನ್ನನ್ನು ಅಷ್ಟು ಚೆನ್ನಾಗಿ ಒರೆಸಿದ್ದು ನೆನಪಿಲ್ಲ.

ಏಳನೇ ಕಲ್ಲಿನಲ್ಲಿ ಅವನ ಗ್ರಹಚಾರ ಕೆಟ್ಟಿತು. ಮೇಲಧಿಕಾರಿಯೊಬ್ಬರು ಹೊಸ ಸರಪಳಿ ತರಿಸಿ ಆರನೇ ಕಲ್ಲಿನಿಂದ ಅಳೆಸಿ ನೋಡಿದರೆ, ಏಳನೆಯದು ಹತ್ತು ಮೀಟರ್ ಮೊದಲೇ ನಿಂತುಬಿಟ್ಟಿತ್ತು. ಕಲ್ಲು ಸರಿ ಇದೆ, ನಿಮ್ಮ ಸರಪಳಿಯೇ ತಪ್ಪು ಎಂದು ಅಪ್ಪ ಎದುರು ಮಾತಾಡಿದ. ಆ ಕಸುಬಿನವರಲ್ಲಿ ಒಂದು ನಂಬಿಕೆ ಇತ್ತು: ಸರಪಳಿ ಎಳೆದಷ್ಟೂ ಉದ್ದವಾಗುತ್ತದೆ, ಎಂದೂ ಗಿಡ್ಡವಾಗುವುದಿಲ್ಲ. ಸರಪಳಿ ಉದ್ದವಾದರೆ ಕಲ್ಲು ದೂರ ಹೋಗುತ್ತದೆ. ಹತ್ತಿರ ಬಂತು ಅಂದರೆ ತಪ್ಪು ಸರಪಳಿಯದಲ್ಲ, ಮನುಷ್ಯನದು. ಹಾಗಾಗಿ ಅಪ್ಪನ ಸರಪಳಿಯನ್ನು ಯಾರೂ ಎಣಿಸಿ ನೋಡಲಿಲ್ಲ. ಅಪ್ಪನೂ ನೋಡಲಿಲ್ಲ. ಅಷ್ಟರಲ್ಲಿ ಕಣಿವೆ ಮುಳುಗುತ್ತದೆ ಎಂಬ ಆದೇಶ ಬಂತು. ಮುಳುಗುವ ರಸ್ತೆಯ ಕಲ್ಲನ್ನು ಸರಿಮಾಡಿ ಯಾರಿಗೇನು? ಕಲ್ಲು ತಪ್ಪಾಗಿಯೇ ನೀರಿಗೆ ಹೋಯಿತು. ಅಪ್ಪನನ್ನು ಉಗ್ರಾಣದ ಬಾಗಿಲು ಕಾಯಲು ಹಾಕಿದರು. ನಿವೃತ್ತಿಯಾಗುವವರೆಗೂ ಅವನು ಇನ್ನೊಂದು ಕಲ್ಲು ನೆಡಲಿಲ್ಲ. ಸರಪಳಿಗಳನ್ನೆಲ್ಲ ಗುಜರಿಗೆ ಹಾಕುವಾಗ ತನ್ನದನ್ನು ಮಾತ್ರ ಬೇಡಿ ಮನೆಗೆ ತಂದ.

ಊರಿನವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಅಂದಿನಿಂದ ಅವನು ಹತ್ತು ಮೀಟರ್ ಮೇಸ್ತ್ರಿ. ಬರಬರುತ್ತಾ ಮೇಸ್ತ್ರಿ ಉದುರಿಹೋಗಿ ಬರೀ ಹತ್ತು ಮೀಟರ್ ಉಳಿಯಿತು. ಶಾಲೆಯಲ್ಲಿ ನಾನು ಹತ್ತು ಮೀಟರ್ ಮಗಳು. ಹಾಗೆ ಕರೆದವರಿಗೆಲ್ಲ ಕಚ್ಚಿದ್ದೇನೆ, ಪರಚಿದ್ದೇನೆ. ನನ್ನ ಬಾಯಿ ಈಗಲೂ ಕೆಟ್ಟದ್ದೇ, ಗಿರಾಕಿಗಳನ್ನು ಕೇಳಿ ಬೇಕಾದರೆ. ಆದರೆ ಆ ಬಾಯಿಂದ ಬರಬೇಕಾಗಿದ್ದ ಒಂದೇ ಒಂದು ಮಾತು ಇಷ್ಟು ವರ್ಷ ಬರಲಿಲ್ಲ. ಸರಪಳಿಯನ್ನು ಗಿಡ್ಡ ಮಾಡಿದವಳು ನಾನು.

ಆಗ ನನಗೆ ಒಂಬತ್ತು. ಅಮ್ಮ ಆಸ್ಪತ್ರೆಯಲ್ಲಿದ್ದಳು, ಹೊಟ್ಟೆಯಲ್ಲಿದ್ದ ಮಗು ಹೋಗಿಬಿಟ್ಟಿತ್ತು. ಆರನೇ ಕಲ್ಲಿನ ಎದುರಿಗೇ ನಮ್ಮ ಮನೆ, ಅಂಗಳದಲ್ಲಿ ಒಂದು ದೊಡ್ಡ ಮರ. ಉಯ್ಯಾಲೆಯ ಹಗ್ಗ ಹರಿದು ವಾರವಾಗಿತ್ತು. ಅಪ್ಪ ಅಮ್ಮನನ್ನು ನೋಡಲು ಹೋದ ಸಂಜೆ ನಾನು ಸರಪಳಿಯನ್ನು ಕೊಂಬೆಗೆ ಹಾಕಿ ಕೂತೆ. ಎರಡು ಜೀಕು ಜೀಕುವಷ್ಟರಲ್ಲಿ ಒಂದು ಕೊಂಡಿಯ ಕಣ್ಣು ಬಿಚ್ಚಿಕೊಂಡು ದೊಪ್ಪನೆ ಕೆಳಗೆ ಬಿದ್ದೆ. ಬಾಗಿದ ಕೊಂಡಿಯನ್ನು ತೆಗೆದುಹಾಕಿ, ಆಚೀಚೆಯ ಎರಡನ್ನು ಸೇರಿಸಿ, ಕಲ್ಲಿನಿಂದ ಬಡಿದು ಬಾಯಿ ಮುಚ್ಚಿದೆ. ನೂರರಲ್ಲಿ ಒಂದು ಹೋದರೆ ಏನು ಮಹಾ ಅಂದುಕೊಂಡೆ. ಮಾರನೇ ದಿನ ಅಪ್ಪ ಏಳನೇ ಕಲ್ಲಿಗೆ ಅಳೆದ.

ಕೊಂಡಿಯನ್ನು ಅಮ್ಮನ ಹೊಲಿಗೆ ಡಬ್ಬಿಯ ತಳದಲ್ಲಿ ಬಚ್ಚಿಟ್ಟಿದ್ದೆ. ಮನೆಗೆ ಬಂದ ಅಮ್ಮ ಅದನ್ನು ಏನೋ ಹಾಳು ಕಂಬಿ ಎಂದುಕೊಂಡು, ನೆಟ್ಟಗೆ ಬಡಿದು, ಪೈಜಾಮಕ್ಕೆ ಲಾಡಿ ಪೋಣಿಸಲು ಇಟ್ಟುಕೊಂಡಳು. ಗೇಣುದ್ದ, ತುದಿಯಲ್ಲಿ ಕಣ್ಣು, ಲಾಡಿ ಪೋಣಿಸಲು ಹೇಳಿ ಮಾಡಿಸಿದ ಹಾಗಿತ್ತು. ಅಮ್ಮ ಹೋದಮೇಲೆ ಮಷಿನ್ನಿನ ಜೊತೆ ಅದೂ ನನಗೇ ಬಂತು. ಅಪ್ಪ ನನ್ನ ಹೊಲಿಗೆ ಅಂಗಡಿಯ ಬಾಗಿಲಲ್ಲಿ ಪೇಪರ್ ಓದುತ್ತಾ ಕೂತಿರುತ್ತಿದ್ದ, ನಾನು ಅವನ ಕಣ್ಣೆದುರಿಗೇ ಅವನ ಮಾನವನ್ನು ಲಾಡಿಯ ಜೊತೆ ಪೋಣಿಸುತ್ತಿದ್ದೆ.

ಹದಿನಾಲ್ಕು ವರ್ಷವಾಗುವ ತನಕ ನನಗೆ ಅದರ ಲೆಕ್ಕ ತಿಳಿದಿರಲಿಲ್ಲ. ಒಂದು ದಿನ ತರಗತಿಯಲ್ಲಿ ಗುಣಾಕಾರ ಮಾಡುತ್ತಿದ್ದಾಗ ಒಂದು ಕೊಂಡಿಯ ಇಪ್ಪತ್ತು ಸೆಂಟಿಮೀಟರ್ ಐವತ್ತು ಸಲ ಅಂದರೆ ಎಷ್ಟು ಅಂತ ತಾನಾಗಿಯೇ ಹೊಳೆಯಿತು. ಆ ದಿನ ಊಟ ಸೇರಲಿಲ್ಲ. ನಾಳೆ ಹೇಳೋಣ ಅಂದುಕೊಂಡೆ. ನಾಳೆ ಎಂದವನ ಮನೆ ಹಾಳು ಅಂತಾರಲ್ಲ, ಹಾಗೇ ಆಯಿತು. ಹೇಳದೇ ಇದ್ದ ಒಂದೊಂದು ವರ್ಷವೂ ಹೇಳುವುದನ್ನು ಇನ್ನಷ್ಟು ಕಷ್ಟ ಮಾಡಿತು. ಮದುವೆಯಾದ ಮೇಲೆ ಗಂಡನಿಗೂ ಹೇಳಲಿಲ್ಲ.

ಈಗ ಅಪ್ಪ ಸುಮ್ಮನೆ ಕೂರುವವನೇ? ಕೋಲು ಊರಿಕೊಂಡು ಇಲಾಖೆಗೆ ಹೋಗಿ, ಅಲ್ಲಿಗೆ ಹೊಸದಾಗಿ ಬಂದ ಎಂಜಿನಿಯರಮ್ಮನ ಮುಂದೆ ಕೂತು, ಕಲ್ಲು ಮೇಲೆ ಬಂದಿದೆ, ನಿಮ್ಮ ಟೇಪು ತಂದು ಅಳೆಯಿರಿ ಎಂದು ಪಟ್ಟು ಹಿಡಿದ. ಪಾಪ, ಒಳ್ಳೆಯ ಹುಡುಗಿ. ಸೋಮವಾರ ಬರುತ್ತೇನೆ ಎಂದು ಒಪ್ಪಿಕೊಂಡಳಂತೆ. ಅದನ್ನು ಅಪ್ಪ ಕ್ಷೌರದಂಗಡಿಯಲ್ಲಿ ಸಾರಿಬಿಟ್ಟ. ಅರ್ಧ ಊರು ಸೋಮವಾರ ಕೆರೆಗೆ ಹೋಗಲು ಸಜ್ಜಾಯಿತು. ಅವಳ ಟೇಪಿನಲ್ಲಿ ಕಲ್ಲು ಮತ್ತೆ ಹತ್ತು ಮೀಟರ್ ಹಿಂದೆ ಬರುವುದು ನನಗೊಬ್ಬಳಿಗೆ ಗೊತ್ತಿತ್ತು. ಈ ವಯಸ್ಸಿನಲ್ಲಿ, ಅಷ್ಟು ಜನರ ಮುಂದೆ, ಎರಡನೇ ಸಲ.

ಮಂಡಿ ನೋವು, ಕೆಸರು, ಹಾವು, ಬಿಸಿಲು, ಏನೇನೋ ಹೇಳಿ ಹೆದರಿಸಿದೆ. ಭಾನುವಾರ ನೀನೂ ನಾನೂ ಮೊದಲು ಹೋಗಿ ನನ್ನ ಸರಪಳಿಯಲ್ಲಿ ಒಂದು ಸಲ ಅಳೆದು ಬರೋಣ, ಯಾರಿಗೂ ಹೇಳಬೇಡ ಎಂದು ಅಪ್ಪ ಅಂದ. ನನಗೇನು ಹುಚ್ಚೇ, ಭಾನುವಾರ ನಾಲ್ಕು ಜೊತೆ ಬಟ್ಟೆ ಕೊಡಬೇಕು ಎಂದು ಹಾರಾಡಿದೆ. ನನ್ನ ಗಂಡ ಬೇಕರಿಯವನು, ಹಿಟ್ಟಿನಷ್ಟೇ ಮೆತ್ತಗಿನ ಮನುಷ್ಯ. ಮುದುಕರು ಆಸೆಪಡುತ್ತಿದ್ದಾರೆ, ಕರೆದುಕೊಂಡು ಹೋಗಿ ಬಾ ಅಂದ. ಶನಿವಾರ ರಾತ್ರಿ ಮಲಗುವ ಮುಂಚೆ ನಾನು ಲಾಡಿ ಪೋಣಿಸುವ ಕಂಬಿಯನ್ನು ತೆಗೆದು ಕೈಚೀಲಕ್ಕೆ ಹಾಕಿಕೊಂಡೆ. ಹೇಳುತ್ತೇನೋ ಇಲ್ಲವೋ ಗೊತ್ತಿರಲಿಲ್ಲ, ಆದರೂ ಹಾಕಿಕೊಂಡೆ.

ಬೆಳಗ್ಗೆ ಏಳಕ್ಕೆಲ್ಲ ಕೆರೆ ಮುಟ್ಟಿದೆವು. ದಂಡೆಯಿಂದ ರಸ್ತೆ ನೇರ ಕೆಳಗಿಳಿದಿತ್ತು. ಎರಡು ಬದಿಯೂ ಬಿರುಕು ಬಿಟ್ಟ ಕೆಸರು, ನಡುವೆ ಕರೀ ಡಾಂಬರು, ಮೇಲೆ ಒಣಗಿದ ಪಾಚಿ ಮತ್ತು ಬಸವನಹುಳುವಿನ ಚಿಪ್ಪು. ಕಾಲಿಟ್ಟಲ್ಲೆಲ್ಲ ಚಿಪ್ಪು ಪುಡಿಯಾಗುತ್ತಿತ್ತು. ಮನೆಯ ಮೆಟ್ಟಿಲನ್ನು ಗೋಡೆ ಹಿಡಿದು ಇಳಿಯುವ ಅಪ್ಪ ಅಲ್ಲಿ ಕೋಲನ್ನು ಹೆಗಲಿಗೆ ಹಾಕಿಕೊಂಡು ನಡೆದ. ಒಂದು ಮೋರಿ ಬಂದಾಗ ಬಗ್ಗಿ ಕಲ್ಲು ತಟ್ಟಿ, ಇದನ್ನು ಕಟ್ಟಿದವನು ಕುಡುಕ, ಆದರೆ ಕೆಲಸ ನೋಡು ಅಂದ.

ಆರನೇ ಕಲ್ಲು ಸಿಕ್ಕಿತು. ಎದುರಿಗೆ ನಮ್ಮ ಮನೆಯ ತಳಪಾಯ, ಮೊಳಕಾಲೆತ್ತರದ ನಾಲ್ಕು ಗೋಡೆ, ಅಡಿಗೆಮನೆಯ ಚಪ್ಪಡಿ. ಅಂಗಳದಲ್ಲಿ ಮರದ ಬೊಡ್ಡೆ ಕಪ್ಪಗೆ ಹಾಗೇ ನಿಂತಿತ್ತು. ಇಲ್ಲೇ ಅಲ್ಲವಾ ನೀನು ಉಯ್ಯಾಲೆ ಆಡುತ್ತಿದ್ದದ್ದು ಎಂದು ಅಪ್ಪ ಕೇಳಿದ. ಹೂಂ ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕೈಚೀಲ ಮುಟ್ಟಿ ನೋಡಿಕೊಂಡೆ.

ಅಳತೆ ಶುರುವಾಯಿತು. ನಾನು ಮುಂದೆ, ಅವನು ಹಿಂದೆ. ಗೂಟ ಡಾಂಬರಿನ ಅಂಚಿನ ಮಣ್ಣಿಗೆ ಇಳಿಯುತ್ತಿತ್ತು. ಲೆಕ್ಕ ತಪ್ಪದಿರಲೆಂದು ಪ್ರತಿ ಹತ್ತು ಎಳೆತಕ್ಕೆ ಅಪ್ಪ ಒಂದು ಜೇಬಿನಿಂದ ಒಂದು ಚಿಪ್ಪು ತೆಗೆದು ಇನ್ನೊಂದು ಜೇಬಿಗೆ ಹಾಕುತ್ತಿದ್ದ. ಸರಪಳಿ ಸೊಟ್ಟಗಾದರೆ ಬೈಯುತ್ತಿದ್ದ, ಬಗ್ಗಿ ಹಿಡಿ, ಬಿಗಿ ಹಿಡಿ, ಬಟ್ಟೆ ಅಳೆದ ಹಾಗಲ್ಲ ಇದು. ನಾನೂ ಬಿಡಲಿಲ್ಲ, ನಾನು ಅಳೆದ ಬಟ್ಟೆ ಯಾವತ್ತೂ ಹತ್ತು ಮೀಟರ್ ಕಡಿಮೆ ಬಂದಿಲ್ಲ ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಪ್ಪ ನಕ್ಕ. ಆ ನಗು ನೋಡಿ ನನಗೆ ಇನ್ನಷ್ಟು ಸಂಕಟವಾಯಿತು.

ಒಳಗೊಳಗೇ ನನಗೆ ಒಂದು ಧೈರ್ಯವಿತ್ತು. ಗಿಡ್ಡ ಸರಪಳಿಯಿಂದ ನೆಟ್ಟ ಕಲ್ಲನ್ನು ಅದೇ ಗಿಡ್ಡ ಸರಪಳಿಯಿಂದ ಅಳೆದರೆ ಸರಿಯಾಗಿಯೇ ಬರಬೇಕು. ಬಂತು. ಐದು ಚಿಪ್ಪೂ ಜೇಬು ಬದಲಿಸಿದ್ದವು, ಐವತ್ತನೇ ಎಳೆತಕ್ಕೆ ನನ್ನ ಕೈಯ ಹಿತ್ತಾಳೆ ಹಿಡಿ ಏಳನೇ ಕಲ್ಲಿನ ಬುಡಕ್ಕೆ ಠಣ್ಣೆಂದು ತಾಗಿತು. ಒಂದು ಬೆರಳೂ ಆಚೆಯಿಲ್ಲ, ಈಚೆಯಿಲ್ಲ. ಕಲ್ಲಿನ ಮುಂದೆ ರಸ್ತೆ ಇನ್ನೊಂದು ನಾಲ್ಕು ಹೆಜ್ಜೆ ಕಾಣುತ್ತಿತ್ತು, ಆಮೇಲೆ ನೀರಿನೊಳಗೆ ಇಳಿದುಹೋಗಿತ್ತು.

ಅಪ್ಪ ಕುಣಿಯುತ್ತಾನೆ, ಊರಿನವರನ್ನೆಲ್ಲ ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ನಿಧಾನವಾಗಿ ಬಂದು, ಹಿಡಿ ಕಲ್ಲಿಗೆ ತಾಗಿದ್ದನ್ನು ಬಗ್ಗಿ ನೋಡಿ, ಕಲ್ಲಿನ ಮೇಲೆ ಕೂತು ಅಳುವುದಕ್ಕೆ ಶುರುಮಾಡಿದ. ಅಮ್ಮ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ. ನಾನು ನೀರಿನ ಬಾಟಲಿ ತೆಗೆದುಕೊಟ್ಟೆ.

"ನಾನು ಅರ್ಧದ ಬಿಲ್ಲೆ ಹಿಡಿದುಬಿಟ್ಟಿದ್ದೆ ಅಂದ್ಕೊಂಡಿದ್ದೆ ಕಣೇ," ಅಂದ.

ನನಗೆ ಮೊದಲು ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಸರಪಳಿಯ ನಟ್ಟನಡುವೆ, ಹತ್ತು ಮೀಟರಿಗೆ, ಒಂದು ದೊಡ್ಡ ಬಿಲ್ಲೆ ಇದೆ. ಕೆಲಸಕ್ಕೆ ಹೊಸದಾಗಿ ಸೇರಿದವರು ಮೈಮರೆತರೆ ಹಿಡಿಯ ಬದಲು ಆ ಬಿಲ್ಲೆಯನ್ನು ಹಿಡಿದು ಒಂದು ಎಳೆತ ಅಂತ ಎಣಿಸಿಬಿಡುತ್ತಾರೆ. ಹಾಗೆ ಮಾಡಿದರೆ ಸರಿಯಾಗಿ ಹತ್ತು ಮೀಟರ್ ಕಡಿಮೆ ಬರುತ್ತದೆ. ಅವತ್ತು ಅವನ ತಲೆಯ ತುಂಬ ಆಸ್ಪತ್ರೆಯಲ್ಲಿದ್ದ ಅಮ್ಮನೇ ಇದ್ದಳಂತೆ. ಅಧಿಕಾರಿ ಹತ್ತು ಮೀಟರ್ ಅಂದ ಕೂಡಲೇ ಅವನಿಗೆ ಅದೇ ಹೊಳೆಯಿತಂತೆ. ಬಾಯಲ್ಲಿ ಕಲ್ಲು ಸರಿ ಇದೆ ಅಂತ ಊರೆಲ್ಲ ಜಗಳವಾಡಿದ, ಒಳಗೆ ಮಾತ್ರ ತಾನೇ ತಪ್ಪು ಮಾಡಿದವನು ಅಂತ ನಂಬಿಕೊಂಡೇ ಬದುಕಿದ. ಅದಕ್ಕೇ ಯಾರಿಗೂ ಹೇಳದೆ ಭಾನುವಾರ ಬಂದದ್ದು. ನಿಜವಾಗಿಯೂ ಅರ್ಧದ ಬಿಲ್ಲೆಯೇ ಆಗಿದ್ದರೆ, ಎಂಜಿನಿಯರಮ್ಮನ ಕಾಲಿಗೆ ಬಿದ್ದಾದರೂ ಬರಬೇಡಿ ಅನ್ನುವುದು ಅಂತ.

"ನನ್ನ ಕೈ ತಪ್ಪಿರಲಿಲ್ಲ, ನೋಡು," ಅಂದ. "ಇನ್ನು ನಾಳೆ ಬರಲಿ. ಎಷ್ಟು ಜನ ಬೇಕಾದರೂ ಬರಲಿ."

ಊರಿನವರು ಇಟ್ಟ ಹೆಸರು ಒಂದನ್ನೇ ಅವನು ಹೊತ್ತಿದ್ದಾನೆ ಅಂದುಕೊಂಡಿದ್ದೆ. ಅದು ಹೊರಗಿನದು, ಒಳಗಿನದು ಬೇರೆಯೇ ಇತ್ತು, ಅದನ್ನೂ ಅವನ ಮೇಲೆ ಹೇರಿದವಳು ನಾನೇ. ಸುಮ್ಮನಿದ್ದರೆ ಇವತ್ತೊಂದು ದಿನ ಅವನು ಸುಖವಾಗಿರುತ್ತಿದ್ದ. ನಾಳೆ ಟೇಪು ಬಿಚ್ಚಿದ ಮೇಲೆ? ಕೈಚೀಲದಿಂದ ಕಂಬಿ ತೆಗೆದು ಅವನ ತೊಡೆಯ ಮೇಲಿಟ್ಟೆ. ಮರದ ಕೊಂಬೆ, ಜೀಕು, ಬಾಗಿದ ಕೊಂಡಿ, ಅಮ್ಮನ ಡಬ್ಬಿ, ಹದಿನಾಲ್ಕರ ಲೆಕ್ಕ, ಒಂದನ್ನೂ ಬಿಡದೆ ಹೇಳಿದೆ. ಹೇಳುವಾಗ ಅವನ ಮುಖ ನೋಡಲಿಲ್ಲ. ಅವನ ಚಪ್ಪಲಿಗೆ ಅಂಟಿದ ಕೆಸರನ್ನೇ ನೋಡುತ್ತಿದ್ದೆ.

ಅಪ್ಪ ಸರಪಳಿಯನ್ನು ಮಡಿಲಿಗೆ ಎಳೆದುಕೊಂಡು ಹೆಬ್ಬೆರಳಿನಿಂದ ಒಂದೊಂದೇ ಕೊಂಡಿ ಎಣಿಸಿದ. ಬಿಲ್ಲೆಯಿಂದ ಬಿಲ್ಲೆಗೆ ಇಪ್ಪತ್ತೈದು, ಮತ್ತೆ ಇಪ್ಪತ್ತೈದು, ಮತ್ತೆ ಇಪ್ಪತ್ತೈದು. ಕೊನೆಯ ಬಿಲ್ಲೆಯಿಂದ ಹಿಡಿಗೆ ಇಪ್ಪತ್ತನಾಲ್ಕು. ಅದೊಂದನ್ನು ಎರಡು ಸಲ ಎಣಿಸಿದ. ನಾನು ಕಲ್ಲಿನಿಂದ ಬಡಿದಿದ್ದ ಜಾಗ ಅವನ ಬೆರಳಿಗೆ ಸಿಕ್ಕಿತು, ಅಲ್ಲಿ ಕಂಬಿಯನ್ನು ಇಟ್ಟು ನೋಡಿದ. ದಪ್ಪ ಅದೇ, ಕಣ್ಣು ಅದೇ.

"ಅವತ್ತೇ ಹೇಳಿದ್ರೆ ನಿನಗೆ ಒಂದು ಏಟು ಬೀಳ್ತಿತ್ತು," ಅಂದ. "ಅಷ್ಟೇ ಆಗ್ತಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈಗ ಹೊಡಿ ಅಪ್ಪ ಅಂದೆ. ಅವನಿಗೆ ಕೇಳಿಸಿತೋ ಇಲ್ಲವೋ, ಎದ್ದುಬಿಟ್ಟ. ಸರಪಳಿಯ ಹಿಂದಿನ ಹಿಡಿಯನ್ನು ನನ್ನ ಕೈಗೆ ಕೊಟ್ಟು ಕಲ್ಲಿನ ಬುಡಕ್ಕೆ ಒತ್ತಿ ಹಿಡಿ ಎಂದು ಸನ್ನೆ ಮಾಡಿದ. ತಾನು ಅರ್ಧದ ಬಿಲ್ಲೆ ಹಿಡಿದುಕೊಂಡು ಮುಂದೆ ನಡೆದ. ನಾಲ್ಕು ಹೆಜ್ಜೆಗೆ ರಸ್ತೆ ಮುಗಿಯಿತು, ಅವನು ನಿಲ್ಲಲಿಲ್ಲ. ಪಾದ ಮುಳುಗಿತು, ಮೀನಖಂಡ ಮುಳುಗಿತು, ಪ್ಯಾಂಟು ಮಂಡಿಯವರೆಗೆ ಒದ್ದೆಯಾಯಿತು. ಸಾಕು ಬಾ ಅಪ್ಪ, ಜಾರುತ್ತೀಯ ಎಂದು ಕೂಗಿದೆ. ಸರಪಳಿ ಬಿಗಿಯಾದ ಜಾಗದಲ್ಲಿ ನಿಂತ. ಕಲ್ಲು ಇರಬೇಕಾಗಿದ್ದದ್ದು ಅಲ್ಲಿ. ಬಗ್ಗಿ, ನೀರೊಳಗೆ ಕೈಬಿಟ್ಟು, ರಸ್ತೆಯ ಅಂಚನ್ನು ತಡಕಿ, ಒಂದು ಕಬ್ಬಿಣದ ಗೂಟವನ್ನು ಚುಚ್ಚಿದ. ಅದರ ತಲೆಯೂ ನೀರಿನ ಮೇಲೆ ಕಾಣಲಿಲ್ಲ. ಬಹಳ ಹೊತ್ತು ಅಲ್ಲೇ ನಿಂತಿದ್ದ. ಆಮೇಲೆ ನಾನೇ ನೀರಿಗಿಳಿದು ತೋಳು ಹಿಡಿದು ಕರೆತಂದೆ. ತೋಳು ಬಿಡಿಸಿಕೊಳ್ಳಲಿಲ್ಲ, ಮಾತೂ ಆಡಲಿಲ್ಲ.

ವಾಪಸು ಬರುವ ದಾರಿಯುದ್ದಕ್ಕೂ ಅದೇ. ಕಂಬಿ ಅವನ ಅಂಗಿಯ ಜೇಬಿನಿಂದ ಹೊರಗೆ ಇಣುಕುತ್ತಿತ್ತು, ನನಗೆ ವಾಪಸು ಕೊಡಲಿಲ್ಲ. ಸರಪಳಿಯ ಚೀಲ ನನ್ನ ಹೆಗಲಲ್ಲಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತಾರೆ. ಒಂದು ಗೇಣು ಕಂಬಿಗೆ ಹೋದದ್ದನ್ನು ನಾನು ಏನು ಕೊಟ್ಟು ತರಲಿ ಎಂದು ಯೋಚಿಸುತ್ತಾ ನಡೆದೆ. ಮೋರಿಯ ಹತ್ತಿರ ಅವನು ಕಲ್ಲು ತಟ್ಟಲಿಲ್ಲ.

ನಮ್ಮ ಬೀದಿಯ ಮೂಲೆಯಲ್ಲೇ ಕ್ಷೌರದಂಗಡಿ. ಭಾನುವಾರವಾದ್ದರಿಂದ ಬೆಂಚು ತುಂಬಿತ್ತು, ಗೋಡೆಗೆ ಒರಗಿ ಮೂವರು ನಿಂತಿದ್ದರು. ನಾಳೆ ಎಂಜಿನಿಯರಮ್ಮ ಬರುವವಳಲ್ಲವೇ, ಅಪ್ಪ ಗಡ್ಡ ಮಾಡಿಸಿಕೊಳ್ಳಲು ಒಳಗೆ ಹೋದ. ಅವನ ಒದ್ದೆ ಪ್ಯಾಂಟನ್ನು ಕನ್ನಡಿಯಲ್ಲಿ ನೋಡಿದ ಕ್ಷೌರಿಕ ಎಂದಿನ ಹಾಗೆ ಕೆಣಕಿದ.

"ಏನ್ ಹತ್ತು ಮೀಟರ್, ಕಲ್ಲು ಏನಾದರೂ ಮುಂದಕ್ಕೆ ನಡೆದಿತ್ತಾ?"

ಬೆಂಚಿನ ತುಂಬ ನಗು. ಬೇರೆ ದಿನವಾಗಿದ್ದರೆ ಅಪ್ಪ ಕಲ್ಲು ಸರಿ ಇದೆ ಎಂದು ಕೋಲು ಎತ್ತುತ್ತಿದ್ದ. ಅವತ್ತು ಸುಮ್ಮನೆ ಖಾಲಿಯಾದ ಕುರ್ಚಿಯಲ್ಲಿ ಕೂತು ಕನ್ನಡಿ ನೋಡಿದ. ಬೇಕಾಗಿದ್ದರೆ ಅವನೇ ಹೇಳಬಹುದಿತ್ತು. ಜೇಬಿನಲ್ಲಿ ಕಂಬಿಯೇ ಇತ್ತು, ಮಗಳು ಬಾಗಿಲಲ್ಲೇ ನಿಂತಿದ್ದಳು. ಹೇಳಲಿಲ್ಲ. ನನ್ನ ಮರ್ಯಾದೆ ಉಳಿಸಲು ನಾಳೆಯೂ ಅವನು ಬಾಯಿ ಬಿಡುವುದಿಲ್ಲ, ಟೇಪಿನ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಾನೆ ಎಂದು ನನಗೆ ಆಗ ಗೊತ್ತಾಯಿತು.

ಮೆಟ್ಟಿಲು ಹತ್ತಿ ಒಳಗೆ ಹೋದೆ. ಚೀಲವನ್ನು ನೆಲಕ್ಕೆ ಸುರಿದೆ.

"ಹತ್ತು ಮೀಟರ್ ಅವನಲ್ಲ, ನಾನು," ಅಂದೆ. "ಇದರಲ್ಲಿ ಒಂದು ಕೊಂಡಿ ಕಡಿಮೆ ಇದೆ. ಕಿತ್ತವಳು ನಾನು. ಬೇಕಾದವರು ಎಣಿಸಿಕೊಳ್ಳಿ."

ಉಳಿದದ್ದನ್ನೂ ಹೇಳಿದೆ, ಉಯ್ಯಾಲೆಯಿಂದ ಹಿಡಿದು ಲಾಡಿಯವರೆಗೆ. ಅಲ್ಲಿದ್ದವರಲ್ಲಿ ಅರ್ಧ ಜನರ ಪೈಜಾಮಕ್ಕೆ ಆ ಕಂಬಿಯಿಂದಲೇ ಲಾಡಿ ಹೋಗಿದ್ದು. ಒಬ್ಬರೂ ನಗಲಿಲ್ಲ. ಬೆಂಚಿನ ತುದಿಯಲ್ಲಿದ್ದ ಮುದುಕ ಬಗ್ಗಿ ನಿಜವಾಗಿಯೂ ಎಣಿಸುವುದಕ್ಕೆ ಹತ್ತಿದ. ಕ್ಷೌರಿಕ ಕತ್ತಿಯನ್ನು ಒರೆಸಿದ್ದನ್ನೇ ಒರೆಸುತ್ತಾ ನಿಂತಿದ್ದ. ಕೊನೆಗೆ, ಸೋಪು ಹಚ್ಚಲಾ ಮೇಸ್ತ್ರಿಗಳೇ ಎಂದು ಮೆಲ್ಲಗೆ ಕೇಳಿದ. ಆ ಹೆಸರಿನಿಂದ ಅಪ್ಪನನ್ನು ಯಾರಾದರೂ ಕರೆದು ಎಷ್ಟು ವರ್ಷವಾಗಿತ್ತೋ.

ಅಪ್ಪ ಕನ್ನಡಿಯೊಳಗಿಂದ ನನ್ನನ್ನು ನೋಡಿದ. ಏಳನೇ ಕಲ್ಲು ಬಿಟ್ಟಮೇಲೆ ಮೊದಲ ಸಲ ಬಾಯಿ ತೆರೆದ.

"ಅವಳಿಗೊಂದು ಕುರ್ಚಿ ಕೊಡ್ರಪ್ಪ. ಬೆಳಗ್ಗೆಯಿಂದ ಸರಪಳಿ ಎಳೆದಿದಾಳೆ."

ಯಾರೋ ಎದ್ದು ಜಾಗ ಬಿಟ್ಟರು. ನಾನು ಕೂತೆ.